ಕಪ್ಪು ಶೂ ಮತ್ತು ಎಂಟು ಗಂಟೆಯ ಊಟ

ಮೊದಲ ಸಲ ಕ್ರೂಸ್ ಹೊರಟಾಗ ನನಗೆ ಸಮುದ್ರದ ಭಯ ಇರಲಿಲ್ಲ. ಹಡಗು ಓಲಾಡುತ್ತೆ, ಹೊಟ್ಟೆ ತೊಳಸುತ್ತೆ ಅಂತ ನಾಲ್ಕು ಜನ ಹೇಳಿದ್ದರು. ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಒಂದು ಜೊತೆ ಕಪ್ಪು ಶೂ.

ಬುಕಿಂಗ್ ಆದಮೇಲೆ ಬಂದ ಹಾಳೆಗಳ ಒಂದು ಮೂಲೆಯಲ್ಲಿ ‘ಏಳು ರಾತ್ರಿ, ಎರಡು ಫಾರ್ಮಲ್ ನೈಟ್’ ಅಂತ ಇತ್ತು. ಅಷ್ಟೇ, ಮುಂದೆ ವಿವರ ಇಲ್ಲ. ಫಾರ್ಮಲ್ ಅಂದರೆ ಎಷ್ಟು ಫಾರ್ಮಲ್? ಸೂಟೇ ಬೇಕಾ, ಬ್ಲೇಜರ್ ಸಾಕಾ? ಟೈ ಕಟ್ಟದಿದ್ದರೆ ಬಾಗಿಲಲ್ಲೇ ನಿಲ್ಲಿಸಿಬಿಡ್ತಾರಾ? ಎರಡು ರಾತ್ರಿ ಹಾಕುವ ಶೂಗೆ ಸೂಟ್‌ಕೇಸಿನಲ್ಲಿ ಅಷ್ಟು ಜಾಗ ಬಿಟ್ಟುಕೊಡಬೇಕಾ? ಮೂರು ದಿನ ಶೂ ಒಳಗಿಟ್ಟೆ, ಹೊರಗೆ ತೆಗೆದೆ, ಮತ್ತೆ ಒಳಗಿಟ್ಟೆ.

“ತಗೊಂಡ್ ಬನ್ನಿ ಸುಮ್ನೆ,” ಅಂದಳು ಹೆಂಡತಿ. “ಆಮೇಲೆ ಅಲ್ಲಿ ನಿಂತ್ಕೊಂಡು ನನ್ನ ಮುಖ ನೋಡ್ಬೇಡಿ.”

ತಗೊಂಡು ಹೋದೆ. ಅದಾದ ಮೇಲೆ ಇನ್ನೂ ಮೂರು ಸಲ ಹಡಗು ಹತ್ತಿದ್ದೇನೆ. ಈಗ ಹೊರಡುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಕ್ರೂಸ್‌ನ ಊಟ, ಉಡುಪಿನ ನಿಯಮಗಳು ದೂರದಿಂದ ನೋಡುವಾಗ ದೊಡ್ಡ ಮನುಷ್ಯರ ಠೀವಿಯ ಹಾಗೆ ಕಾಣುತ್ತವೆ. ಹತ್ತಿರ ಹೋದರೆ ಬಹುಪಾಲು ಲಗೇಜು, ಅಡುಗೆಮನೆ, ಗಡಿಯಾರ ಇವುಗಳ ಲೆಕ್ಕ. ಯಾಕೆ ಹೀಗೆ ಅಂತ ಗೊತ್ತಾದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಕ್ರೂಸ್ ಅನ್ನುವುದು ಹುಟ್ಟಿದ್ದೇ ಇಂಥ ಒಂದು ಲೆಕ್ಕದಿಂದ. ಜರ್ಮನಿಯ ಆಲ್ಬರ್ಟ್ ಬಾಲಿನ್ ಹಡಗು ಕಂಪನಿ ನಡೆಸುತ್ತಿದ್ದವರು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ಕಮ್ಮಿ. ದೊಡ್ಡ ಹಡಗು ಸುಮ್ಮನೆ ನಿಂತರೆ ನಷ್ಟ. ಅದಕ್ಕೆ 1891ರ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯಾ’ ಹಡಗಿಗೆ 241 ಜನರನ್ನು ಹತ್ತಿಸಿ ಮೆಡಿಟರೇನಿಯನ್ ಕಡೆ ಸುತ್ತಾಡಲು ಕಳಿಸಿದರು. ಎಲ್ಲಿಗೂ ತಲುಪಬೇಕಾಗಿಲ್ಲ, ಹೋಗಿ ಬಂದರೆ ಸಾಕು. ಇಂದಿನ ಕ್ರೂಸ್‌ಗಳ ಮೂಲ ಅದು ಅಂತ ಹೇಳುತ್ತಾರೆ.

ಹಡಗಿನ ಮೊದಲ ರಾತ್ರಿಯನ್ನೇ ನೋಡಿ. ಹೆಚ್ಚುಕಮ್ಮಿ ಎಲ್ಲ ಕಂಪನಿಗಳಲ್ಲೂ ಅವತ್ತು ಡ್ರೆಸ್ ಕೋಡ್ ಕ್ಯಾಶುವಲ್. ಕಾರಣ ಸರಳ. ನಿಮ್ಮ ಬಟ್ಟೆ ಇನ್ನೂ ನಿಮ್ಮ ಕೈಗೇ ಬಂದಿರುವುದಿಲ್ಲ. ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಪೋರ್ಟರ್‌ಗಳಿಗೆ ಒಪ್ಪಿಸಿರುತ್ತೀರಿ. ಅವು ಸ್ಕ್ಯಾನ್ ಆಗಿ, ಡೆಕ್‌ಗಳ ಪ್ರಕಾರ ವಿಂಗಡಣೆಯಾಗಿ, ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆ. ಕೆಲವು ಸಲ ಊಟವೂ ಮುಗಿದಿರುತ್ತದೆ. 2024ರಲ್ಲಿ ಓಡಾಟ ಶುರು ಮಾಡಿದ ‘ಐಕಾನ್ ಆಫ್ ದ ಸೀಸ್’ ಪೂರ್ತಿ ತುಂಬಿದರೆ ಅದರಲ್ಲಿ 7,600 ಪ್ರಯಾಣಿಕರು, ಅವರ ಜೊತೆ 2,350 ಸಿಬ್ಬಂದಿ. ಇಂಥ ಹಡಗಿನಿಂದ ಬೆಳಗ್ಗೆ ಹಳಬರ ಪೆಟ್ಟಿಗೆ ಇಳಿಯಬೇಕು, ಮಧ್ಯಾಹ್ನ ಹೊಸಬರದು ಹತ್ತಬೇಕು, ಸಂಜೆಗೆ ಹಡಗು ಹೊರಡಬೇಕು. ಆ ರಾಶಿಯಲ್ಲಿ ಎಲ್ಲೋ ನಿಮ್ಮ ಗೌನು, ಟೈ ಇರುತ್ತವೆ.

ಆದ್ದರಿಂದ ಹೆಗಲಿಗೆ ಹಾಕುವ ಒಂದು ಬ್ಯಾಗನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಪಾಸ್‌ಪೋರ್ಟು, ಮಾತ್ರೆ, ಚಾರ್ಜರ್, ಕನ್ನಡಕ, ಸಂಜೆಗೆ ಒಂದು ಒಳ್ಳೆ ಅಂಗಿ, ಈಜುವ ಬಟ್ಟೆ. ಈಜುವ ಬಟ್ಟೆ ಯಾಕೆ ಅಂದರೆ ಮೊದಲ ದಿನ ಮಧ್ಯಾಹ್ನ ಈಜುಕೊಳ ಖಾಲಿ ಇರುತ್ತದೆ. ನಾನು ಆವತ್ತು ಜೀನ್ಸ್ ಹಾಕಿಕೊಂಡು ದಡದಲ್ಲಿ ಕೂತು ಬುದ್ಧಿವಂತರು ಈಜುವುದನ್ನು ನೋಡಿದೆ.

ಮಾತ್ರೆ ಬಗ್ಗೆ ಒತ್ತಿ ಹೇಳುತ್ತೇನೆ. ದಿನಾ ತಗೊಳ್ಳುವ ಔಷಧಿ ಯಾವತ್ತೂ ದೊಡ್ಡ ಪೆಟ್ಟಿಗೆಗೆ ಹೋಗಬಾರದು. ಪೆಟ್ಟಿಗೆ ರಾತ್ರಿ ಹತ್ತಕ್ಕೂ ಬರಬಹುದು.

ಮೊದಲ ದಿನದ ಇನ್ನೊಂದು ಕೆಲಸ ಮಸ್ಟರ್ ಡ್ರಿಲ್, ಅಂದರೆ ಅಪಾಯ ಬಂದಾಗ ಯಾರು ಎಲ್ಲಿ ಸೇರಬೇಕು ಅನ್ನುವ ಅಭ್ಯಾಸ. ಇದರಲ್ಲಿ ಚೌಕಾಸಿ ಇಲ್ಲ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಕೂಗಿದರೆ ನಿಮ್ಮ ಜಾಗಕ್ಕೆ ಹೋಗಿ ಸೇರಬೇಕು ಅನ್ನುವುದನ್ನು ಕಲಿಸುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಅವತ್ತೇ ಹಡಗು ಹತ್ತಿದ್ದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಅಂತ ಆಗಿನ ನಿಯಮ. ಈಗ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಮುಗಿಸಬೇಕು. ಈಚೆಗೆ ಎಷ್ಟೋ ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೊ ನೋಡಿ, ಆಮೇಲೆ ನಿಮ್ಮ ಜಾಗಕ್ಕೆ ಹೋಗಿ ಕಾರ್ಡು ತೋರಿಸಿ ಬಂದರೆ ಆಯಿತು. ಹತ್ತು ನಿಮಿಷದ ಕೆಲಸ. ಮೊದಲು ಅದನ್ನು ಮುಗಿಸಿ, ಆಮೇಲೆ ಊಟಕ್ಕೆ ಹೋಗಿ.

ಊಟ ಅಂದೆ. ಆ ದಿನ ಎಲ್ಲರೂ ಓಡುವುದು ಮೇಲಿನ ಡೆಕ್‌ನ ಬಫೆಗೆ. ಈಜುಕೊಳದ ಪಕ್ಕದ ಆ ಡೆಕ್ಕಿಗೆ ಲಿಡೋ ಅನ್ನುವ ಹೆಸರು ಬಹಳ ಹಡಗುಗಳಲ್ಲಿದೆ. ಕೈಬ್ಯಾಗು ನೇತುಹಾಕಿಕೊಂಡು, ತಟ್ಟೆ ಹಿಡಿದುಕೊಂಡು, ಜಾಗ ಹುಡುಕುತ್ತಾ ನೂರಾರು ಜನ. ಎಷ್ಟೋ ಹಡಗುಗಳಲ್ಲಿ ಅದೇ ಹೊತ್ತಿಗೆ ಕೆಳಗೆ ದೊಡ್ಡ ಊಟದ ಹಾಲ್‌ನಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳು ಖಾಲಿ ಇರುತ್ತವೆ. ಯಾರಿಗೂ ಗೊತ್ತೇ ಇರುವುದಿಲ್ಲ. ಹಡಗು ಹತ್ತಿದ ಕೂಡಲೇ “ಇವತ್ತು ಮಧ್ಯಾಹ್ನ ಕೂತು ಊಟ ಮಾಡೋ ಜಾಗ ಎಲ್ಲಿದೆ?” ಅಂತ ಯಾರನ್ನಾದರೂ ಕೇಳಿ.

ಈ ದೊಡ್ಡ ಹಾಲ್ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಟಿಕೆಟಿನ ದುಡ್ಡಿನಲ್ಲಿ ಸೇರಿರುವ ಊಟಗಳಲ್ಲಿ ಅದರಷ್ಟು ಸುಖದ್ದು ಇನ್ನೊಂದಿಲ್ಲ. ಹಳೆಯ ಪದ್ಧತಿ ಹೀಗೆ: ಸಂಜೆ ಆರರ ಆಸುಪಾಸಿಗೆ ಒಂದು ಪಂಕ್ತಿ, ಎಂಟರ ಆಸುಪಾಸಿಗೆ ಇನ್ನೊಂದು. ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಹಿಡಿಸುವುದಿಲ್ಲ, ಅಡುಗೆಮನೆಗೂ ಉಸಿರಾಡಲು ಹೊತ್ತು ಬೇಕು. ಒಂದು ಪಂಕ್ತಿ ಊಟ ಮಾಡುವಾಗ ಇನ್ನೊಂದು ಪಂಕ್ತಿಯವರು ಥಿಯೇಟರ್‌ನಲ್ಲಿ ಹಾಡು, ಕುಣಿತ ನೋಡುತ್ತಿರುತ್ತಾರೆ. ಆಮೇಲೆ ಅದಲುಬದಲು. ಪ್ರತಿ ರಾತ್ರಿ ಅದೇ ಮೇಜು, ಅದೇ ವೈಟರ್, ಅದೇ ಮೇಜಿನ ಜೊತೆಗಾರರು.

ನಾರ್ವೀಜಿಯನ್ ಕ್ರೂಸ್ ಲೈನ್ 2000ದಲ್ಲಿ ‘ಫ್ರೀಸ್ಟೈಲ್’ ಅಂತ ಹೊಸ ಕ್ರಮ ತಂದಿತು. ಬೇಕಾದಾಗ ಬನ್ನಿ, ಬೇಕಾದ ಕಡೆ ಕೂರಿ. ಜನಕ್ಕೆ ಹಿಡಿಸಿತು. ಈಗ ಬೇರೆ ದೊಡ್ಡ ಕಂಪನಿಗಳಲ್ಲೂ ನಿಗದಿ ಹೊತ್ತಿನ ಊಟ, ಬೇಕಾದ ಹೊತ್ತಿನ ಊಟ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಎರಡನೆಯದು ಸ್ವಾತಂತ್ರ್ಯ ಅನ್ನಿಸುತ್ತದೆ, ನಿಜ. ಆದರೆ ಏಳೂವರೆಗೆ ಹೋದರೆ ಸಾಲಿನಲ್ಲಿ ನಿಲ್ಲಬೇಕಾಗಬಹುದು, ವೈಟರ್ ದಿನಾ ಹೊಸಬ. ನಿಗದಿ ಮೇಜಿನಲ್ಲಿ ಎರಡನೇ ರಾತ್ರಿಗೇ ನಾನು ಕೂರುವ ಮುಂಚೆ ಐಸ್ ಇಲ್ಲದ ನೀರು ಬಂದಿತ್ತು. ಮೂರನೇ ರಾತ್ರಿ ವೈಟರ್ ನನ್ನ ಕಿವಿಯ ಹತ್ತಿರ ಬಗ್ಗಿ “ಸರ್, ಇವತ್ತು ಮೀನು ಬೇಡ, ಸೂಪ್ ಚೆನ್ನಾಗಿದೆ” ಅಂದ. ಮನೆಯವರ ಹಾಗೆ ಸಲಹೆ ಕೊಡುವ ಅಂಥ ವೈಟರ್ ಸಿಗಬೇಕಾದರೆ ಒಂದೇ ಮೇಜಿಗೆ ದಿನಾ ಹೋಗಿ ಕೂರಬೇಕು.

ಪಂಕ್ತಿ ಆರಿಸುವಾಗ ಬಂದರುಗಳ ಪಟ್ಟಿ ನೋಡಿಕೊಳ್ಳಿ. ಊರು ಸುತ್ತಿ ಐದೂವರೆಗೆ ಹಡಗಿಗೆ ವಾಪಸ್ ಬಂದು ಆರಕ್ಕೆ ಸ್ನಾನ ಮಾಡಿ ಮೇಜಿನಲ್ಲಿ ಕೂರುವುದು ದೊಡ್ಡ ಓಟ. ದಿನಾ ಒಂದೊಂದು ಬಂದರಿದ್ದರೆ ಎಂಟು ಗಂಟೆಯದೇ ವಾಸಿ. ಚಿಕ್ಕ ಮಕ್ಕಳಿದ್ದರೆ, ಬೇಗ ಮಲಗುವವರಾದರೆ ಮೊದಲ ಪಂಕ್ತಿ. ಎಂಟರ ಊಟ ಮುಗಿಯುವಾಗ ಹತ್ತಾಗುತ್ತದೆ.

ಜೊತೆಗಾರರು ಸರಿಹೋಗದಿದ್ದರೆ? ಆಗುತ್ತದೆ. ನಮ್ಮ ಎರಡನೇ ಪ್ರಯಾಣದಲ್ಲಿ ಎಂಟು ಜನರ ಮೇಜು. ಒಬ್ಬರು ತಮ್ಮ ಹಿಂದಿನ ಇಪ್ಪತ್ತಮೂರು ಕ್ರೂಸ್‌ಗಳ ಕಥೆಯನ್ನು ಕ್ರಮವಾಗಿ ಹೇಳಲು ಶುರು ಮಾಡಿದರು. ಮೊದಲ ರಾತ್ರಿ ನಾಲ್ಕನೆಯದಕ್ಕೆ ಬಂದಿದ್ದರು. ನಾವು ಸಂಕೋಚಪಟ್ಟುಕೊಂಡು ವಾರವಿಡೀ ಕೂತೆವು. ಹಾಗೆ ಕೂರಬೇಕಾಗಿರಲಿಲ್ಲ. ಮೊದಲ ಸಂಜೆ ಊಟದ ನಂತರ ಹಾಲ್‌ನ ಮುಖ್ಯಸ್ಥರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರೆ ಮೇಜು ಬದಲಾಯಿಸಿಕೊಡುತ್ತಾರೆ. ಅವರಿಗೆ ಇದು ದಿನನಿತ್ಯದ ಕೆಲಸ. ನಾಲ್ಕನೇ ರಾತ್ರಿ ಕೇಳಿದರೆ ಕಷ್ಟ, ಅಷ್ಟೊತ್ತಿಗೆ ಎಲ್ಲ ಗಟ್ಟಿಯಾಗಿರುತ್ತದೆ. ಹಾಗಂತ ಹಂಚಿಕೊಳ್ಳುವ ಮೇಜನ್ನೇ ಬೇಡ ಅನ್ನಬೇಡಿ. ಮೂರನೇ ಪ್ರಯಾಣದಲ್ಲಿ ಸಿಕ್ಕ ಒಬ್ಬ ನಿವೃತ್ತ ನರ್ಸ್ ನಮಗೆ ಈಗಲೂ ಪತ್ರ ಬರೆಯುತ್ತಾರೆ.

ಮೆನು ನೋಡಿ ಹೆದರುವವರನ್ನು ಕಂಡಿದ್ದೇನೆ. ಶುರುವಿನ ತಿನಿಸು, ಮುಖ್ಯ ಊಟ, ಕೊನೆಗೆ ಸಿಹಿ ಅಂತ ಮೂರು ಭಾಗ. ಒಂದೊಂದರಲ್ಲಿ ಒಂದನ್ನೇ ಆರಿಸಬೇಕು ಅಂತ ಎಲ್ಲೂ ಬರೆದಿಲ್ಲ. ಎರಡು ಸೂಪ್ ತಗೊಂಡು ಮುಖ್ಯ ಊಟ ಬಿಡಬಹುದು. ಬಂದದ್ದು ರುಚಿಸದಿದ್ದರೆ ಬೇರೆ ಕೇಳಬಹುದು, ಯಾರೂ ಮುಖ ಸಿಂಡರಿಸುವುದಿಲ್ಲ. ಕೆಲವು ಕಂಪನಿಗಳು ಮಾತ್ರ ಎರಡನೇ ಮುಖ್ಯ ಊಟಕ್ಕೋ, ಮೂರನೆಯದಕ್ಕೋ ಬೇರೆ ದುಡ್ಡು ಹಾಕುತ್ತವೆ. ಮೆನುವಿನಲ್ಲಿ ಕೆಲವು ಐಟಂಗಳ ಮುಂದೆ ಬೆಲೆ ಬರೆದಿದ್ದರೆ ಅವು ಟಿಕೆಟಿನಲ್ಲಿ ಸೇರಿಲ್ಲ ಅಂತ ಅರ್ಥ.

ಸಸ್ಯಾಹಾರಿಗಳು, ಗ್ಲುಟೆನ್ ಆಗದವರು, ಕಡಲೆಕಾಯಿ ಅಲರ್ಜಿ ಇರುವವರು ಬುಕ್ ಮಾಡುವಾಗಲೇ ತಿಳಿಸಬೇಕು. ಅಷ್ಟೇ ಸಾಲದು. ಮೊದಲ ರಾತ್ರಿ ವೈಟರ್‌ಗೂ, ಮುಖ್ಯಸ್ಥರಿಗೂ ಬಾಯಿಬಿಟ್ಟು ಹೇಳಿ. ಹಡಗಿನ ಅಡುಗೆಮನೆಗೆ ಗ್ಯಾಲಿ ಅನ್ನುತ್ತಾರೆ. ಅಲ್ಲಿ ಸಾವಿರಾರು ತಟ್ಟೆ ಒಂದೇ ಹೊತ್ತಿಗೆ ಹೊರಡಬೇಕು, ಹಾಗಾಗಿ ನಾಳೆಯ ಅಡುಗೆಯ ತಯಾರಿ ಇವತ್ತೇ ನಡೆದಿರುತ್ತದೆ. ಗದ್ದಲದ ನಡುವೆ “ಇದರಲ್ಲಿ ಬೆಣ್ಣೆ ಬೇಡ” ಅಂದರೆ ಕಷ್ಟ. ಇವತ್ತು ಊಟ ಮುಗಿಸಿ ಏಳುವಾಗಲೇ ನಾಳೆಯ ಮೆನು ಕೇಳಿ, ಬೇಕಾದ್ದು ಗುರುತು ಹಾಕಿ ಕೊಡಿ. ನನ್ನ ಹೆಂಡತಿ ಮಾಂಸ, ಮೀನು ಮುಟ್ಟುವುದಿಲ್ಲ. ಮೊದಲ ಎರಡು ರಾತ್ರಿ ಬೇಯಿಸಿದ ತರಕಾರಿ, ಪಾಸ್ತಾ ತಿಂದು ಮುಖ ಸಣ್ಣ ಮಾಡಿಕೊಂಡಿದ್ದಳು. ಮೂರನೇ ದಿನದಿಂದ ಹಿಂದಿನ ರಾತ್ರಿಯೇ ಹೇಳತೊಡಗಿದೆವು. ಆಮೇಲೆ ಅವಳ ತಟ್ಟೆ ನೋಡಿ ನಾನೇ ಆಸೆಪಡುವ ಹಾಗಾಯಿತು.

ಬೇರೆ ದುಡ್ಡು ಕೊಟ್ಟು ಹೋಗುವ ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳೂ ಇರುತ್ತವೆ. ಒಂದು ರಾತ್ರಿಗೆ ಚೆನ್ನ. ದಿನಾ ಹೋಗುವುದಾದರೆ ಟಿಕೆಟಿನಲ್ಲಿ ಕೊಟ್ಟ ಊಟದ ದುಡ್ಡನ್ನು ಸಮುದ್ರಕ್ಕೆ ಹಾಕಿದ ಹಾಗೆ, ಇದು ನನ್ನ ಅಭಿಪ್ರಾಯ. ಕ್ಯೂನಾರ್ಡ್ ಕಂಪನಿಯಲ್ಲಿ ವಿಷಯವೇ ಬೇರೆ. ಅಲ್ಲಿ ನೀವು ಯಾವ ಕ್ಯಾಬಿನ್ ತಗೊಂಡಿರಿ ಅನ್ನುವುದರ ಮೇಲೆ ಊಟದ ಹಾಲ್ ತೀರ್ಮಾನವಾಗುತ್ತದೆ. ಬ್ರಿಟಾನಿಯಾ, ಪ್ರಿನ್ಸೆಸ್ ಗ್ರಿಲ್, ಕ್ವೀನ್ಸ್ ಗ್ರಿಲ್ ಅಂತ ಬೇರೆ ಬೇರೆ. ಜನರನ್ನು ಸಾಗರ ದಾಟಿಸುತ್ತಿದ್ದ ಹಳೆಯ ಲೈನರ್ ಹಡಗುಗಳ ಕ್ಲಾಸುಗಳ ನೆರಳು ಇನ್ನೂ ಅಲ್ಲಿ ಉಳಿದಿದೆ.

ಬಫೆಗೆ ವಾಪಸ್ ಬರೋಣ. ಅದನ್ನು ನಾನು ಬೈಯುತ್ತಿಲ್ಲ. ಬೆಳಗ್ಗೆ ಕಿಟಕಿ ಪಕ್ಕ ಕೂತು ಬಂದರು ಹತ್ತಿರವಾಗುವುದನ್ನು ನೋಡುತ್ತಾ ಕಾಫಿ ಕುಡಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಅಲ್ಲಿ ಎರಡು ಅಭ್ಯಾಸ ಬೇಕು. ಒಂದು, ತಟ್ಟೆ ಹಿಡಿಯದೆ ಮೊದಲು ಒಂದು ಸುತ್ತು ನಡೆಯುವುದು. ಇಲ್ಲದಿದ್ದರೆ ಮೊದಲ ಐದು ಪಾತ್ರೆಗಳಲ್ಲೇ ತಟ್ಟೆ ತುಂಬಿ, ಬೇಕಾದ್ದು ಆರನೆಯದರಲ್ಲಿ ಸಿಗುತ್ತದೆ.

ಇನ್ನೊಂದು ಕೈ ತೊಳೆಯುವುದು. ಸೋಪು ಹಾಕಿ, ನೀರಿನಲ್ಲಿ, ಇಪ್ಪತ್ತು ಸೆಕೆಂಡ್. ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ನಿಂತವರು ನಗುತ್ತಾ ಎರಡು ಹನಿ ಹಾಕುತ್ತಾರೆ. ಅದನ್ನು ಹಾಕಿಸಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಹಡಗುಗಳಲ್ಲಿ ವಾಂತಿ ಭೇದಿ ತರುವ ನೊರೊವೈರಸ್ ಮೇಲೆ ಆಲ್ಕೊಹಾಲಿನ ಸ್ಯಾನಿಟೈಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ವೈರಸ್ಸಿಗೆ ಹೆಸರು ಬಂದಿದ್ದು ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನಿಂದ. 1968ರಲ್ಲಿ ಅಲ್ಲಿನ ಶಾಲೆಯೊಂದರ ಮಕ್ಕಳಿಗೆ ಕಾಯಿಲೆ ಹಬ್ಬಿತ್ತು. ಅಂದರೆ ಇದು ಹಡಗಿನ ಕಾಯಿಲೆ ಅಲ್ಲ, ಜನ ಒತ್ತೊತ್ತಾಗಿ ಇರುವ ಕಡೆಯ ಕಾಯಿಲೆ. ಒಬ್ಬರ ಕೈಯಿಂದ ಬಫೆಯ ಸೌಟಿಗೆ, ಸೌಟಿನಿಂದ ಇನ್ನೂರು ಜನರ ಕೈಗೆ. ಹಡಗಿನದು ಯಾಕೆ ಸುದ್ದಿಯಾಗುತ್ತದೆ ಅಂದರೆ ಅಲ್ಲಿ ಲೆಕ್ಕ ಇಡುತ್ತಾರೆ. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ತನ್ನ ವ್ಯಾಪ್ತಿಯ ಹಡಗುಗಳಲ್ಲಿ ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ಶೇಕಡಾ 3 ಜನಕ್ಕೆ ಹೊಟ್ಟೆ ಕೆಟ್ಟಿತು ಅಂದರೆ ಹಡಗಿನ ಹೆಸರು ಸಮೇತ ಬಹಿರಂಗವಾಗಿ ಪ್ರಕಟಿಸುತ್ತದೆ. ಅದೇ ಸಂಸ್ಥೆ ಹೇಳದೆ ಕೇಳದೆ ಬಂದು ಅಡುಗೆಮನೆ ತಪಾಸಣೆ ಮಾಡಿ ನೂರಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಫೇಲ್. ಹೋಗುವ ಮುಂಚೆ ನಿಮ್ಮ ಹಡಗಿನ ಅಂಕ ನೋಡಿಕೊಳ್ಳಬಹುದು. ನಾನು ನೋಡುತ್ತೇನೆ. ಹೆಂಡತಿ ನಗುತ್ತಾಳೆ.

ತಟ್ಟೆಯಲ್ಲಿ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಕೇಳಿದ್ದೆ. ಹಡಗುಗಳು ಸಮುದ್ರ ಕೆಡಿಸದಂತೆ ಮಾಡಿರುವ ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮದ ಪ್ರಕಾರ ಉಳಿದ ಆಹಾರವನ್ನು 25 ಮಿಲಿಮೀಟರಿಗಿಂತ ಚಿಕ್ಕದಾಗಿ ಅರೆದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ ಸಮುದ್ರಕ್ಕೆ ಬಿಡಬಹುದು. ಮೆಡಿಟರೇನಿಯನ್‌ನಂಥ ವಿಶೇಷ ಪ್ರದೇಶಗಳಲ್ಲಿ 12 ಮೈಲಿ ಆಚೆ. ಇದು ಗೊತ್ತಾದ ಮೇಲೆ ನಾನು ಚಿಕ್ಕ ತಟ್ಟೆ ತಗೊಳ್ಳಲು ಶುರು ಮಾಡಿದೆ. ಬಫೆಯಿಂದ ಸೇಬು, ಬಾಳೆಹಣ್ಣು ಬ್ಯಾಗಿಗೆ ಹಾಕಿಕೊಂಡು ದಡಕ್ಕೆ ಇಳಿಯುವ ಅಭ್ಯಾಸ ಕೆಲವರಿಗಿದೆ. ಅದು ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಒಂದು ಹಣ್ಣಿಗೂ ಭಾರಿ ದಂಡ ಬೀಳುತ್ತದೆ.

ಈಗ ಬಟ್ಟೆ. ಹೆಸರುಗಳನ್ನು ನೋಡಿ ಗಾಬರಿಯಾಗಬೇಡಿ. ಕ್ಯಾಶುವಲ್, ರೆಸಾರ್ಟ್ ಕ್ಯಾಶುವಲ್, ಸ್ಮಾರ್ಟ್ ಕ್ಯಾಶುವಲ್, ಈವನಿಂಗ್ ಚಿಕ್, ಗಾಲಾ, ಫಾರ್ಮಲ್ ಅಂತ ಒಂದೊಂದು ಕಂಪನಿಗೆ ಒಂದೊಂದು ಪದ. ಹಗಲು ಏನು ಬೇಕಾದರೂ ಹಾಕಿ. ನಿಯಮ ಇರುವುದು ಸಂಜೆಗೆ, ಅದರಲ್ಲೂ ಕೂತು ಊಟ ಮಾಡುವ ಹಾಲ್‌ಗೆ. ಅಲ್ಲಿ ಎಲ್ಲ ಕಡೆ ಬೇಡ ಅನ್ನುವುದು ಈಜುವ ಬಟ್ಟೆ, ಬರಿಗಾಲು, ಗಂಡಸರ ತೋಳಿಲ್ಲದ ಬನಿಯನ್. ಟೋಪಿ, ಚಡ್ಡಿ, ಹರಿದ ಜೀನ್ಸ್ ಬಗ್ಗೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ. ಕಾಲರ್ ಇರುವ ಅಂಗಿ, ಉದ್ದ ಪ್ಯಾಂಟು, ಮುಚ್ಚಿದ ಶೂ ಇದ್ದರೆ ಗಂಡಸರಿಗೆ ಬಹಳಷ್ಟು ರಾತ್ರಿ ಕಳೆದುಹೋಗುತ್ತದೆ. ಹೆಂಗಸರಿಗೆ ಒಂದು ಸರಳ ಉಡುಪು, ಮೇಲೆ ಹೊದೆಯಲು ಒಂದು ಶಾಲು. ಶಾಲು ಚೆಂದಕ್ಕೆ ಮಾತ್ರ ಅಲ್ಲ. ಊಟದ ಹಾಲ್‌ನ ಏಸಿ ಮೂಳೆ ಕೊರೆಯುತ್ತದೆ, ಊಟ ಮುಗಿಸಿ ಡೆಕ್ಕಿಗೆ ಹೋದರೆ ಗಾಳಿ.

ಫಾರ್ಮಲ್ ನೈಟ್ ಏಳು ರಾತ್ರಿಯ ಪ್ರಯಾಣದಲ್ಲಿ ಸಾಮಾನ್ಯವಾಗಿ ಎರಡು. ಹೆಚ್ಚಾಗಿ ಬರುವುದು ಸಮುದ್ರದ ಮೇಲೇ ಕಳೆಯುವ ದಿನ. ಇದಕ್ಕೂ ಲೆಕ್ಕ ಇದೆ. ಬಂದರಿನ ದಿನ ಜನ ಬಿಸಿಲಲ್ಲಿ ಸುತ್ತಿ, ಬೆವತು, ಕಾಲು ಎಳೆಯುತ್ತಾ ಬರುತ್ತಾರೆ. ಟೈ ಕಟ್ಟು ಅಂದರೆ ಯಾರು ಕಟ್ಟುತ್ತಾರೆ? ಸಮುದ್ರದ ದಿನ ಮಾಡಲು ಬೇರೆ ಕೆಲಸ ಇರುವುದಿಲ್ಲ. ಅಲಂಕಾರಕ್ಕೆ ಇಡೀ ಮಧ್ಯಾಹ್ನ ಇದೆ. ಮೆಟ್ಟಿಲ ಹತ್ತಿರ ನಿಂತ ಹಡಗಿನ ಫೋಟೊಗ್ರಾಫರ್‌ಗೆ ಅವತ್ತು ಒಳ್ಳೆ ವ್ಯಾಪಾರ.

ಕಟ್ಟುನಿಟ್ಟು ಎಲ್ಲ ಕಡೆ ಒಂದೇ ಥರ ಇಲ್ಲ. ಕ್ಯೂನಾರ್ಡ್‌ನ ಗಾಲಾ ರಾತ್ರಿ ಅಂದರೆ ಗಂಡಸರಿಗೆ ಬೋ ಟೈ ಕಟ್ಟುವ ಟಕ್ಸೀಡೊ ಅಥವಾ ಗಾಢ ಬಣ್ಣದ ಸೂಟು, ಹೆಂಗಸರಿಗೆ ಗೌನು. ಬೇಡದವರಿಗೆ ಬಫೆ, ಒಂದೆರಡು ಬಾರ್ ಬಿಟ್ಟಿರುತ್ತಾರೆ. ಸೆಲೆಬ್ರಿಟಿ ಅನ್ನುವ ಹೆಸರಿನ ಕ್ರೂಸ್ ಕಂಪನಿ 2015ರಲ್ಲಿ ಫಾರ್ಮಲ್ ನೈಟ್ ಅನ್ನುವುದನ್ನೇ ತೆಗೆದು ‘ಈವನಿಂಗ್ ಚಿಕ್’ ಅಂತ ಮಾಡಿತು. ನಾರ್ವೀಜಿಯನ್‌ನಲ್ಲಿ ಒತ್ತಾಯವೇ ಇಲ್ಲ. ಹಾಗಾಗಿ ನಿಮ್ಮ ಕಂಪನಿಯ ಈ ವರ್ಷದ ನಿಯಮ ಓದಿ. ಹತ್ತು ವರ್ಷದ ಹಿಂದೆ ಹೋದವರ ಮಾತು ಕೇಳಿದರೆ ನನ್ನ ಹಾಗೆ ಮೂರು ದಿನ ಶೂ ಎತ್ತಿ ಇಳಿಸುತ್ತೀರಿ.

ಸುಕ್ಕಾದ ಅಂಗಿಗೆ ಇಸ್ತ್ರಿ ಹಾಕೋಣ ಅಂದರೆ ಕ್ಯಾಬಿನ್‌ಗೆ ಇಸ್ತ್ರಿಪೆಟ್ಟಿಗೆ ತರುವ ಹಾಗಿಲ್ಲ. ಮೇಣದಬತ್ತಿ, ನೀರು ಕಾಯಿಸುವ ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡು ಕೂಡ ಕಿತ್ತುಕೊಳ್ಳುತ್ತಾರೆ. ನಡುಸಮುದ್ರದಲ್ಲಿ ಬೆಂಕಿ ಹತ್ತಿದರೆ ಯಾವ ಅಗ್ನಿಶಾಮಕ ವಾಹನವೂ ಬರುವುದಿಲ್ಲ, ಅಲ್ವಾ. ನಾವು ಅಂಗಿಯನ್ನು ಬಾತ್‌ರೂಮಿನಲ್ಲಿ ನೇತುಹಾಕಿ ಬಿಸಿನೀರಿನ ಹಬೆ ಕೂಡಿಸಿದೆವು. ಮುಕ್ಕಾಲು ಸುಕ್ಕು ಹೋಯಿತು. ಕೆಲವು ಹಡಗುಗಳಲ್ಲಿ ನಾವೇ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆ ಇರುತ್ತದೆ. ಇನ್ನೊಂದು: ಕ್ಯಾಬಿನ್ನಿನ ಗೋಡೆಗಳು ಹೆಚ್ಚಾಗಿ ಉಕ್ಕಿನವು. ನಾಲ್ಕು ಮ್ಯಾಗ್ನೆಟ್ ಕೊಕ್ಕೆ ತಗೊಂಡು ಹೋದರೆ ಟೋಪಿ, ಒದ್ದೆ ಬಟ್ಟೆ, ಬ್ಯಾಗು ಎಲ್ಲದಕ್ಕೂ ಜಾಗ ಸಿಗುತ್ತದೆ. ಇದನ್ನು ಹೇಳಿಕೊಟ್ಟಿದ್ದು ಇಪ್ಪತ್ತಮೂರು ಕ್ರೂಸ್‌ಗಳ ಆ ಮಹಾಶಯರೇ.

ದಡಕ್ಕೆ ಇಳಿಯುವಾಗಲೂ ಬಟ್ಟೆಯ ಕಡೆ ಒಂದು ಕಣ್ಣಿರಲಿ. ಬಾರ್ಬಡೋಸ್, ಜಮೈಕಾ ಮುಂತಾದ ಕೆರಿಬಿಯನ್ ದೇಶಗಳಲ್ಲಿ ಸೈನಿಕರ ಹಸಿರು ಚುಕ್ಕೆ ಬಟ್ಟೆಯನ್ನು ಸಾಮಾನ್ಯ ಜನ ಹಾಕುವುದು ಕಾನೂನಿಗೆ ವಿರುದ್ಧ. ಮಗುವಿನ ಟೋಪಿಯೂ ಸೇರಿ. ರೋಮ್‌ಗೆ ಹೋಗುವವರು ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಸೇಂಟ್ ಪೀಟರ್ಸ್ ಚರ್ಚಿನ ಬಾಗಿಲಿನಿಂದ ವಾಪಸ್ ಬರಬೇಕಾಗುತ್ತದೆ.

ನನ್ನ ಮೊದಲ ಫಾರ್ಮಲ್ ನೈಟ್ ಬಂತು. ಸೂಟು, ಟೈ, ಕಪ್ಪು ಶೂ. ಲಿಫ್ಟ್‌ನಲ್ಲಿ ಕನ್ನಡಿ ನೋಡಿಕೊಂಡು ಮದುವೆಗೆ ಹೊರಟವನ ಹಾಗೆ ಇದ್ದೀನಿ ಅನ್ನಿಸಿತು. ಹಾಲ್ ಒಳಗೆ ಹೋದರೆ ಎಲ್ಲ ಬಗೆಯವರೂ ಇದ್ದರು. ಒಂದು ವಯಸ್ಸಾದ ಜೋಡಿ ಟಕ್ಸೀಡೊ, ನೆಲ ಗುಡಿಸುವ ಗೌನಿನಲ್ಲಿ. ಪಕ್ಕದ ಮೇಜಿನ ಹುಡುಗ ಬರೀ ಅಂಗಿ ಪ್ಯಾಂಟಿನಲ್ಲಿ. ನಮ್ಮ ಮೇಜಿನ ಒಬ್ಬ ಹೆಂಗಸು ಇಡೀ ಪ್ರಯಾಣಕ್ಕೆ ಒಂದೇ ಕಪ್ಪು ಉಡುಪು ತಂದಿದ್ದರು. ಎರಡೂ ಫಾರ್ಮಲ್ ರಾತ್ರಿ ಅದೇ, ಶಾಲು ಮಾತ್ರ ಬೇರೆ. ಅವರು ಹೇಳುವ ತನಕ ನನಗೆ ಗೊತ್ತೇ ಆಗಲಿಲ್ಲ. ನನ್ನ ಶೂ ಮೇಜಿನ ಕೆಳಗಿತ್ತು, ಎರಡು ಗಂಟೆ ಹೊತ್ತು. ಯಾರೂ ನೋಡಲಿಲ್ಲ.

ಇದೆಲ್ಲ ಬರೀ ನಾಟಕ ಅಂದುಕೊಂಡೇ ಹೋಗಿದ್ದೆ. ನಾಟಕವೇ. ಆದರೆ ಆ ವಯಸ್ಸಾದ ಜೋಡಿ ಊಟ ಮುಗಿಸಿ, ಕೈ ಕೈ ಹಿಡಿದು, ಹಡಗು ಒಂದು ಸಲ ಓಲಿದಾಗ ಇಬ್ಬರೂ ಒಟ್ಟಿಗೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ನಕ್ಕಿದ್ದನ್ನು ನೋಡಿದೆ. ಹಡಗಿನ ನಿಯಮಗಳಲ್ಲಿ ಯಾವ ಲೆಕ್ಕಕ್ಕೂ ಸಿಗದ್ದು ಇದೊಂದೇ. ಎರಡನೇ ಫಾರ್ಮಲ್ ನೈಟ್‌ಗೆ ಹೆಂಡತಿ ಹೇಳುವ ಮುಂಚೆಯೇ ನಾನು ತಯಾರಾಗಿ ಕೂತಿದ್ದೆ.

ಓಲಾಟ ಅಂದಾಗ ನೆನಪಾಯಿತು. ಹಡಗಿನ ಮೂತಿ, ಬಾಲ, ಮೇಲಿನ ಡೆಕ್‌ಗಳು ಜಾಸ್ತಿ ಅಲ್ಲಾಡುತ್ತವೆ. ನಡುಮಧ್ಯದ, ಕೆಳಗಿನ ಕ್ಯಾಬಿನ್ ಶಾಂತ. ಊಟದ ಹಾಲ್ ಎಷ್ಟೋ ಹಡಗುಗಳಲ್ಲಿ ಹಿಂಬದಿಗೆ ಇರುತ್ತದೆ. ಸಮುದ್ರ ಒರಟಾದ ರಾತ್ರಿ ಅಲ್ಲಿ ಗ್ಲಾಸುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ, ಮೇಜುಗಳು ಅರ್ಧ ಖಾಲಿ. ಮಾತ್ರೆ ತಗೊಳ್ಳುವುದಾದರೆ ಹೊಟ್ಟೆ ತೊಳಸುವ ಮುಂಚೆ ತಗೊಳ್ಳಿ, ಆಮೇಲೆ ತಗೊಂಡರೆ ಉಪಯೋಗ ಕಮ್ಮಿ. ಹೊಟ್ಟೆ ಪೂರ್ತಿ ಖಾಲಿ ಬಿಡಬೇಡಿ. ಶುಂಠಿ, ಹಸಿರು ಸೇಬು, ಒಣ ಬಿಸ್ಕತ್ತು ಹಡಗಿನವರೇ ಕೊಡುತ್ತಾರೆ. ದೂರದ ದಿಗಂತ ನೋಡುತ್ತಾ ಹೊರಗೆ ನಿಂತರೆ ತಲೆಸುತ್ತು ಇಳಿಯುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹಡಗಿನಲ್ಲಿ ನೋಟು ನಡೆಯುವುದಿಲ್ಲ, ಕ್ಯಾಬಿನ್ ಕಾರ್ಡೇ ಎಲ್ಲ. ಕಾರ್ಡು ಚಾಚಿದ್ದೆಲ್ಲ ಖಾತೆಗೆ ಹೋಗುತ್ತದೆ, ಹಾಗಾಗಿ ಎರಡು ದಿನಕ್ಕೊಮ್ಮೆ ಬಿಲ್ ನೋಡಿಕೊಳ್ಳಿ. ಬಹಳ ಕಂಪನಿಗಳು ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಟಿಪ್ಸ್ ತಾವೇ ಸೇರಿಸುತ್ತವೆ. ಕುಡಿಯುವ ಪಾನೀಯಗಳ ಬಿಲ್ಲಿಗೆ ಶೇಕಡಾ 18ರಿಂದ 20ರಷ್ಟು ಬೇರೆ ಸೇರುತ್ತದೆ. ಡ್ರಿಂಕ್ಸ್ ಪ್ಯಾಕೇಜ್ ತಗೊಂಡರೆ ಕ್ಯಾಬಿನ್ನಿನ ದೊಡ್ಡವರೆಲ್ಲ ತಗೊಳ್ಳಬೇಕು ಅನ್ನುವ ನಿಯಮ ಎಷ್ಟೋ ಕಡೆ ಇದೆ. ಒಬ್ಬರು ಕುಡಿದು ಒಬ್ಬರು ಕುಡಿಯದ ಜೋಡಿಗೆ ಅದು ನಷ್ಟ. ಹಡಗು ದಡ ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್‌ಗೆ ಫೋನು ತಾನಾಗಿ ಸೇರಿಕೊಂಡರೆ ಮನೆಗೆ ಬಂದಮೇಲೆ ಬಿಲ್ ನೋಡಿ ಅಳಬೇಕು.

ಗಡಿಯಾರ ಮಾತ್ರ ಹಡಗಿನದ್ದೇ ನಂಬಿ. ದಡದ ಸಮಯ, ಫೋನಿನ ಸಮಯ, ಹಡಗಿನ ಸಮಯ ಮೂರೂ ಬೇರೆ ಇರಬಹುದು. ಹಡಗಿನವರ ಮೂಲಕ ಊರು ನೋಡಲು ಹೋದರೆ, ಬಸ್ಸು ತಡವಾದರೂ ಕಾಯುತ್ತಾರೆ. ನೀವಾಗಿ ಹೋಗಿದ್ದರೆ ಕಾಯುವುದಿಲ್ಲ. ಒಮ್ಮೆ ಒಂದು ಬಂದರಿನಲ್ಲಿ ನಾನು, ಹೆಂಡತಿ ಕೊನೆಯ ಮುನ್ನೂರು ಮೀಟರ್ ಓಡಿದ್ದೇವೆ. ಮೇಲಿನ ಡೆಕ್‌ನಲ್ಲಿ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು.

ಕೊನೆಯ ರಾತ್ರಿ ಮತ್ತೆ ಕ್ಯಾಶುವಲ್. ಕಾರಣ ಈಗ ನಿಮಗೇ ಗೊತ್ತು. ದೊಡ್ಡ ಪೆಟ್ಟಿಗೆಗಳನ್ನು ನಂಬರ್ ಟ್ಯಾಗ್ ಕಟ್ಟಿ ರಾತ್ರಿಯೇ ಕ್ಯಾಬಿನ್ ಹೊರಗೆ ಇಡಬೇಕು. ಅವು ನಮಗಿಂತ ಮೊದಲೇ ದಡ ಸೇರಿ ಟರ್ಮಿನಲ್‌ನಲ್ಲಿ ಕಾಯುತ್ತಿರುತ್ತವೆ. ಊಟದ ಕೊನೆಗೆ ದೀಪ ಕಮ್ಮಿ ಮಾಡಿ, ವೈಟರ್‌ಗಳೆಲ್ಲ ಸಾಲಾಗಿ ಬೇಕ್ಡ್ ಅಲಾಸ್ಕಾ ಅನ್ನುವ ಸಿಹಿ ಹಿಡಿದು ಮೆರವಣಿಗೆ ಬಂದರು. ಹೊರಗೆ ಬಿಸಿ, ಒಳಗೆ ಐಸ್‌ಕ್ರೀಮು. ಮೊದಲೆಲ್ಲ ಅದಕ್ಕೆ ಬೆಂಕಿ ಹಚ್ಚಿ ತರುತ್ತಿದ್ದರಂತೆ. ಈಗ ಬ್ಯಾಟರಿ ದೀಪ. ನಮ್ಮ ವೈಟರ್‌ಗೆ ಲಕೋಟೆ ಕೊಟ್ಟು, ಕೈಕುಲುಕಿ, ಕ್ಯಾಬಿನ್‌ಗೆ ಬಂದು ಚುರುಕಾಗಿ ಪ್ಯಾಕ್ ಮಾಡಿದೆವು. ಹತ್ತೂವರೆಗೆ ಪೆಟ್ಟಿಗೆ ಹೊರಗಿಟ್ಟು ಮಲಗಿದೆ.

ಬೆಳಗ್ಗೆ ಎದ್ದು ಪ್ಯಾಂಟು ಹಾಕಿದೆ, ಅಂಗಿ ಹಾಕಿದೆ. ಸೂಟ್‌ಕೇಸಿನಲ್ಲಿ ಜಾಗ ಸಾಲದೆ ಕೈಯಲ್ಲೇ ಇಟ್ಟುಕೊಂಡಿದ್ದ ಸೂಟಿನ ಕೋಟನ್ನೂ ಹಾಕಿದೆ. ಮಂಚದ ಕೆಳಗೆ ಕಾಲು ಚಾಚಿದೆ. ಏನೂ ಸಿಗಲಿಲ್ಲ. ಕಪ್ಪು ಶೂ, ನಡೆಯುವ ಶೂ, ಚಪ್ಪಲಿ ಎಲ್ಲವನ್ನೂ ಅಚ್ಚುಕಟ್ಟಾಗಿ ಪೆಟ್ಟಿಗೆಗೆ ಹಾಕಿ ಕಳಿಸಿಬಿಟ್ಟಿದ್ದೆ.

“ರೀ, ಈಜುಕೊಳಕ್ಕೆ ಹಾಕೋ ರಬ್ಬರ್ ಚಪ್ಪಲಿ ನನ್ನ ಬ್ಯಾಗಲ್ಲಿದೆ,” ಅಂದಳು ಹೆಂಡತಿ. “ನಂದೇ. ಗುಲಾಬಿ ಬಣ್ಣದ್ದು.”

ಅದನ್ನೇ ಹಾಕಿಕೊಂಡೆ. ಮೇಲೆ ಕೋಟು, ಕೆಳಗೆ ಹಿಮ್ಮಡಿ ಹೊರಗೆ ಚಾಚಿದ ಗುಲಾಬಿ ಚಪ್ಪಲಿ. ಇಳಿಯುವ ಸಾಲಿನಲ್ಲಿ ನಮ್ಮ ವೈಟರ್ ಎಲ್ಲರಿಗೂ ಕೈ ಬೀಸುತ್ತಾ ನಿಂತಿದ್ದ. ನನ್ನ ಕಾಲು ನೋಡಿದ, ಮುಖ ನೋಡಿದ, ಒಂದು ಚೂರೂ ನಗದೆ ತಲೆ ಬಾಗಿಸಿದ.

“ತುಂಬಾ ಚೆನ್ನಾಗಿದೆ, ಸರ್.”